ಪಂಜೆ ಮಂಗೇಶರಾಯ

ಪಂಜೆ ಮಂಗೇಶರಾಯರು (ಫೆಬ್ರವರಿ 22, 1874 – ಅಕ್ಟೋಬರ್ 25, 1937) ಹೊಸಗನ್ನಡದ ಮೊದಲ ತಲೆಮಾರಿನ ಕಥೆಗಾರರು, ಮಕ್ಕಳ ಕವಿಗಳು ಹಾಗೂ ಶಿಕ್ಷಕರು. ಕವಿಶಿಷ್ಯ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಇವರು ತುಳುನಾಡಿನ ಜನರ ದಿನಬಳಕೆಯ ಬದುಕು, ನಂಬಿಕೆ ಮತ್ತು ವೀರಗಾಥೆಗಳನ್ನು ಶಾಲಾಮಕ್ಕಳ ಕನ್ನಡಕ್ಕೆ ತಂದವರಲ್ಲಿ ಪ್ರಮುಖರು.

ಜನನ ಮತ್ತು ಪರಿಸರ

ಮಂಗೇಶರಾಯರು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಪೂರ್ವಿಕರು ಸುಳ್ಯ ಸೀಮೆಯ ಪಂಜ ಎಂಬ ಊರಿನವರಾದುದರಿಂದ ಮನೆತನಕ್ಕೆ ಆ ಹೆಸರು ಬಂದಿತು. ನೇತ್ರಾವತಿಯ ದಡದ ಬಂಟ್ವಾಳ ಆ ಕಾಲದಲ್ಲಿ ಗಟ್ಟದ ಮೇಲಿನಿಂದ ಬಂದ ಸರಕು ದೋಣಿಗಳಿಗೆ ಏರಿ ಮಂಗಳೂರಿನ ಕಡೆಗೆ ಸಾಗುತ್ತಿದ್ದ ವ್ಯಾಪಾರದ ಪೇಟೆಯಾಗಿತ್ತು. ಮನೆಯ ಮಾತು ಕೊಂಕಣಿ, ಪೇಟೆಯ ಮತ್ತು ಗದ್ದೆಯ ಮಾತು ತುಳು, ಶಾಲೆಯ ಮಾತು ಕನ್ನಡ. ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ಅಧಿಕಾರದ ಭಾಷೆ ಇಂಗ್ಲಿಷ್. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬಹುಪಾಲು ಮಕ್ಕಳಿಗೆ ಕನ್ನಡವು ಇಂದಿಗೂ ಪುಸ್ತಕದಿಂದ ಕಲಿತ ಭಾಷೆಯೇ. ಮಂಗೇಶರಾಯರ ಬರವಣಿಗೆಯನ್ನು ಅರಿಯಲು ಈ ಸಂಗತಿ ಮುಖ್ಯವಾದುದು.

ಶಿಕ್ಷಣ ಮತ್ತು ವೃತ್ತಿ

ಬಂಟ್ವಾಳದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವನ್ನು ಮುಗಿಸಿ ಮಂಗಳೂರಿನಲ್ಲಿ ಮುಂದಿನ ಓದನ್ನು ಕೈಗೊಂಡರು. ತಂದೆಯವರು ಬೇಗನೆ ತೀರಿಕೊಂಡುದರಿಂದ ಸಂಸಾರದ ಹೊಣೆ ಎಳೆಯ ವಯಸ್ಸಿನಲ್ಲಿಯೇ ಇವರ ಮೇಲೆ ಬಿದ್ದಿತು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದು, ಬಿ.ಎ. ಮತ್ತು ಎಲ್.ಟಿ. ಪದವಿಗಳನ್ನು ಪಡೆದು, ಅನಂತರ ಶಾಲಾ ಇನ್‌ಸ್ಪೆಕ್ಟರರಾದರು. ಮುಂದೆ ಕೊಡಗಿನ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ಸೇವೆ ಸಲ್ಲಿಸಿದರು. ಸುಗ್ಗಿಯ ಹಬ್ಬವನ್ನು ನೆಪವಾಗಿಟ್ಟುಕೊಂಡು ಕೊಡಗನ್ನು ಕೊಂಡಾಡುವ ಹುತ್ತರಿ ಹಾಡು ಆ ನಾಡಿನ ನಂಟಿನ ಫಲ. ಕೊಡಗಿನವರು ಅದನ್ನು ತಮ್ಮ ನಾಡಗೀತೆಯಂತೆಯೇ ಹಾಡಿಕೊಂಡು ಬಂದಿದ್ದಾರೆ.

ಸಾಹಿತ್ಯ

1900ರ ಸುಮಾರಿಗೆ ಬೆನಗಲ್ ರಾಮರಾಯರು ಮಂಗಳೂರಿನಿಂದ ಹೊರಡಿಸುತ್ತಿದ್ದ ಸುವಾಸಿನಿ ಪತ್ರಿಕೆಯಲ್ಲಿ ಇವರ ನನ್ನ ಚಿಕ್ಕತಾಯಿ, ನನ್ನ ಚಿಕ್ಕತಂದೆ, ಕಮಲಪುರದ ಹೋಟ್ಲಿನಲ್ಲಿ ಮೊದಲಾದ ಬರಹಗಳು ಬೆಳಕು ಕಂಡವು. ಕನ್ನಡ ಸಣ್ಣಕಥೆಯ ಆರಂಭವನ್ನು ಮಾಸ್ತಿಯವರಿಂದ ಗುರುತಿಸುವುದು ರೂಢಿಯಾದರೂ, ಅದಕ್ಕೆ ಮೊದಲೇ ಮಧ್ಯಮ ವರ್ಗದ ಮನೆಯ ಸಣ್ಣಪುಟ್ಟ ಸಂಗತಿಗಳನ್ನು ತಿಳಿಹಾಸ್ಯದಿಂದ ಕಥೆಯಾಗಿಸಿದವರು ಮಂಗೇಶರಾಯರು.

ಮಕ್ಕಳಿಗೆ ಸ್ವತಂತ್ರವಾದ ಓದು ಬೇಕೆಂಬ ಚಿಂತೆಯು ಇವರಿಗೆ ಶಾಲೆಗಳ ಒಡನಾಟದಿಂದಲೇ ಹುಟ್ಟಿರಬೇಕು. 1921ರಲ್ಲಿ ಮಂಗಳೂರಿನಲ್ಲಿ ರೂಪುಗೊಂಡ ಬಾಲಸಾಹಿತ್ಯ ಮಂಡಲದಲ್ಲಿ ಇವರು ಮುಂದಾಳಾಗಿದ್ದರು. ನಾಗರ ಹಾವೆ, ಉದಯರಾಗ, ತೆಂಕಣ ಗಾಳಿಯಾಟ ಇವು ಇಂದಿಗೂ ಬಾಯಿಪಾಠವಾಗಿರುವ ಪದ್ಯಗಳು. ನಾಗಬನಕ್ಕೆ ಹಾಲೆರೆಯುವ ನಾಡಿನ ಮಗುವಿಗೆ ಹಾವು ಭಯದ ವಸ್ತುವೂ ಹೌದು, ಪೂಜೆಯ ವಸ್ತುವೂ ಹೌದು. ನಾಗರ ಹಾವೆ ಪದ್ಯದ ಸಲುಗೆ ಈ ಹಿನ್ನೆಲೆಯಿಂದ ಬಂದುದು. ಸಿಗಡಿ ಯಾಕೆ ಒಣಗಲಿಲ್ಲ ಎಂಬ ಕಥೆಯು ಒಂದು ಕಾರಣಕ್ಕೆ ಇನ್ನೊಂದನ್ನು ಗಂಟು ಹಾಕುತ್ತ ಹೋಗುವ ಸರಪಣಿ ಕಥೆ. ಮಳೆಗಾಲಕ್ಕೆಂದು ಬಿಸಿಲಿನಲ್ಲಿ ಸಿಗಡಿ ಒಣಗಿಸುವುದನ್ನು ಕಂಡ ಕರಾವಳಿಯ ಮಗುವಿಗೆ ಅದರ ಲೋಕವನ್ನು ವಿವರಿಸಬೇಕಾಗಿಲ್ಲ. ಇಲಿಗಳ ಥಕತೈ ಮಾತ್ರ ಯುರೋಪಿನ ಕಿಂದರಿ ಜೋಗಿಯ ಕಥೆಯನ್ನು ಆಧರಿಸಿದುದು. ಒಡ್ಡನ ಓಟ ಇವರ ಇನ್ನೊಂದು ಜನಪ್ರಿಯ ಮಕ್ಕಳ ಕಥೆ.

ಕೋಟಿ ಚೆನ್ನಯ

ತುಳು ಪಾಡ್ದನವನ್ನು ಆಧರಿಸಿದ ಕೋಟಿ ಚೆನ್ನಯ ಮಂಗೇಶರಾಯರ ದೊಡ್ಡ ಕಥನ. ಪಾಡ್ದನಗಳನ್ನು ಹೆಂಗಸರು ನೇಜಿ ನೆಡುವಾಗಲೂ, ಭೂತಾರಾಧನೆಯ ಸಂದರ್ಭದಲ್ಲಿ ಕಟ್ಟುವವರೂ ಹಾಡುತ್ತಾರೆ. ಬಿಲ್ಲವ ಕುಲದ ದೇಯಿ ಬೈದೆತಿ ಪಡುಮಲೆಯ ಬಲ್ಲಾಳನ ಕಾಲಿನ ಮುಳ್ಳಿನ ಗಾಯವನ್ನು ಮದ್ದಿನಿಂದ ಗುಣಪಡಿಸುತ್ತಾಳೆ. ಅವಳ ಅವಳಿ ಮಕ್ಕಳು ಬೆಳೆದು ಬುದ್ಯಂತನೊಡನೆ ಜಗಳವಾಡುವುದು ಚೆಂಡಾಟಕ್ಕಾಗಿ, ಕಂಬಳಗದ್ದೆಗಾಗಿ, ಗದ್ದೆಯ ನೀರಿಗಾಗಿ. ಆ ಜಗಳ ಕೊಲೆಯಲ್ಲಿ ಮುಗಿದು, ಅವರು ಪಡುಮಲೆಯನ್ನು ತೊರೆದು, ಪಂಜದಲ್ಲಿ ಮೋಸಕ್ಕೆ ಸಿಲುಕಿ, ಕೊನೆಗೆ ಎಣ್ಮೂರಿನ ಯುದ್ಧದಲ್ಲಿ ಮಡಿಯುತ್ತಾರೆ. ಅವರ ಹೆಸರಿನ ಗರಡಿಗಳು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಲ್ಲಿ ಇಂದಿಗೂ ಇವೆ. ಅಲ್ಲಿ ಅವರಿಗೆ ಬೈದೇರುಗಳೆಂದು ಆರಾಧನೆ ನಡೆಯುತ್ತದೆ. ಕಥೆಯಲ್ಲಿ ವೀರರಿಗೆ ಕೇಡಾದ ಪಂಜವು ಕಥೆಗಾರರ ಪೂರ್ವಿಕರ ಊರೇ ಆಗಿರುವುದು ಗಮನಿಸತಕ್ಕ ವಿಷಯ.

ಈ ಕಥೆ ಅದಾಗಲೇ ಅಚ್ಚಿಗೆ ಬಂದಿತ್ತು. ಬಾಸೆಲ್ ಮಿಷನ್ನಿನ ಮ್ಯಾನರ್ 1886ರಲ್ಲಿ ಪಾಡ್ದನಗಳ ಸಂಗ್ರಹವನ್ನು ಪ್ರಕಟಿಸಿದ್ದನು. ಬರ್ನೆಲ್ ಸಂಗ್ರಹಿಸಿದ್ದ ಸಾಮಗ್ರಿ 1890ರ ದಶಕದಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು. ಆದರೆ ಅವು ವಿದ್ವಾಂಸರ ಉಪಯೋಗಕ್ಕಾಗಿ, ಭೂತಾರಾಧನೆಯನ್ನು ಹೊರಗಿನಿಂದ ನೋಡಿದ ಕೆಲಸಗಳು. ಮಂಗೇಶರಾಯರು ಅದನ್ನು ಸ್ವಾಭಿಮಾನಿಗಳಾದ ಇಬ್ಬರು ಹುಡುಗರ ಕಥೆಯನ್ನಾಗಿ ಹೇಳಿ, ತುಳು ಬಾರದ ಕನ್ನಡಿಗರಿಗೂ ಮುಟ್ಟಿಸಿದರು. ಗದ್ಯಕ್ಕೆ ಇಳಿಸುವಾಗ ಪಾಡ್ದನದ ಮರುಕಳಿಸುವ ಸಾಲುಗಳ ಲಯ ಮತ್ತು ಆರಾಧನೆಯ ಗಾಂಭೀರ್ಯ ಬಹುಮಟ್ಟಿಗೆ ಹಿಂದೆ ಉಳಿದವು. ಹಾಗಿದ್ದರೂ ಗರಡಿಯ ಅಂಗಳದಲ್ಲಿ ಮಾತ್ರ ಕೇಳಿಬರುತ್ತಿದ್ದ ಹೆಸರುಗಳು ಕನ್ನಡ ಪುಸ್ತಕದಲ್ಲಿ ನಾಯಕರ ಹೆಸರುಗಳಾದುದು ಸಣ್ಣ ಸಂಗತಿಯಲ್ಲ.

ಕೊನೆಯ ದಿನಗಳು

1934ರಲ್ಲಿ ರಾಯಚೂರಿನಲ್ಲಿ ನಡೆದ 20ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಂಗೇಶರಾಯರು ಅಧ್ಯಕ್ಷರಾಗಿದ್ದರು. ಮೂರು ವರ್ಷಗಳ ಬಳಿಕ ಹೈದರಾಬಾದಿನಲ್ಲಿ ನಿಧನ ಹೊಂದಿದರು. ಕವಿಶಿಷ್ಯ, ಹರಟೆಮಲ್ಲ, ರಾ.ಮ.ಪಂ. ಎಂಬ ಬೇರೆ ಬೇರೆ ಹೆಸರುಗಳಲ್ಲಿ ಚದುರಿಹೋಗಿದ್ದ ಬರಹಗಳು ಮರಣಾನಂತರ ಪಂಜೆಯವರ ಕೃತಿಗಳು ಎಂಬ ಸಂಪುಟಗಳಲ್ಲಿ ಒಟ್ಟುಗೂಡಿ ಪ್ರಕಟವಾದವು.