ಊರುಗಳಿಗೆ ವೈದ್ಯನಾದ ಸಸ್ಯಶಾಸ್ತ್ರಜ್ಞ: ಸರ್ ಪ್ಯಾಟ್ರಿಕ್ ಗೆಡ್ಡೀಸ್

ಊರನ್ನು ಕಟ್ಟುವುದು ಕಲ್ಲು, ಗಾರೆ, ಹಣಗಳ ಕೆಲಸವೆಂದು ಲೋಕರೂಢಿಯ ತಿಳಿವಳಿಕೆ. ಹಳೆಯದನ್ನು ಕೆಡವಿ ನೇರವಾದ ಅಗಲ ಬೀದಿಗಳನ್ನು ಎಳೆದರೆ ಊರು ಉದ್ಧಾರವಾಯಿತೆಂದು ಭಾವಿಸುವವರೇ ಹೆಚ್ಚು. ಆದರೆ ಊರೆಂಬುದು ಬೇರು, ಕಾಂಡ, ಎಲೆಗಳುಳ್ಳ ಜೀವಂತ ವಸ್ತು. ನೆಲ, ನೀರು, ನೆರಳುಗಳಿಂದಲೂ ಅಲ್ಲಿ ಬಾಳಿದ ಜನರ ನೆನಪುಗಳಿಂದಲೂ ಬೆಳೆದುದು. ಆದುದರಿಂದ ಅದನ್ನು ಮುಟ್ಟುವ ಮೊದಲು ಅದರ ನಾಡಿಯನ್ನು ಹಿಡಿದು ನೋಡಬೇಕು ಎಂಬ ವಿವೇಕವನ್ನು ಆಧುನಿಕ ಜಗತ್ತಿಗೆ ಕಲಿಸಿದವರಲ್ಲಿ ಅಗ್ರಗಣ್ಯರು ಸರ್ ಪ್ಯಾಟ್ರಿಕ್ ಗೆಡ್ಡೀಸರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈ ಮಹನೀಯರು ತಮ್ಮ ಪ್ರೌಢ ವಯಸ್ಸಿನ ಹತ್ತು ವರ್ಷಗಳನ್ನು ಬಹುಪಾಲು ಭಾರತದ ಊರುಗಳ ಸೇವೆಗೆ ಮುಡಿಪಾಗಿಟ್ಟರು. ಅವರ ವರದಿಗಳ ಸಾಲಿನಲ್ಲಿ ಕನ್ನಡನಾಡಿನ ಬಳ್ಳಾರಿಯೂ ಸೇರಿದೆ.

ಗೆಡ್ಡೀಸರು 1854ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿದ್ದವರು. ಬಾಲ್ಯ ಕಳೆದುದು ಪರ್ತ್ ಪಟ್ಟಣದ ಹೊರಗೆ, ಟೇ ನದಿಯನ್ನು ನೋಡುವ ಗುಡ್ಡದ ಮೇಲಿನ ಮನೆಯಲ್ಲಿ. ತಂದೆಯ ಜೊತೆಯಲ್ಲಿ ಕೈತೋಟದಲ್ಲಿ ದುಡಿಯುತ್ತ, ಬೆಟ್ಟಗಳನ್ನು ಅಲೆಯುತ್ತ ಹುಡುಗನು ಕಲಿತ ಪಾಠ ಶಾಲೆಯ ಪಾಠಕ್ಕಿಂತ ಆಳವಾಗಿ ಬೇರೂರಿತು. ಮೇಲಿಂದ ನೋಡಿದರೆ ಬೆಟ್ಟ, ಕಾಡು, ಹೊಲ, ಪಟ್ಟಣ, ನದಿ ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುತ್ತಿದ್ದವು. ಕಣಿವೆಯೊಂದನ್ನು ಶಿಖರದಿಂದ ಸಮುದ್ರದವರೆಗೆ ಒಂದಾಗಿ ಕಾಣಬೇಕು, ಯಾವ ನೆಲ ಯಾವ ಕಸುಬನ್ನು ಬೆಳೆಸಿತು, ಯಾವ ಕಸುಬು ಎಂತಹ ಮನೆಯನ್ನು ಕಟ್ಟಿತು ಎಂದು ವಿಚಾರಿಸಬೇಕು ಎಂಬ ಅವರ ಮುಂದಿನ ಸಿದ್ಧಾಂತಕ್ಕೆ ಬೀಜ ಬಿದ್ದುದು ಇಲ್ಲಿಯೇ.

ತಂದೆಯ ಇಚ್ಛೆಯಂತೆ ಕೆಲವು ಕಾಲ ಬ್ಯಾಂಕಿನಲ್ಲಿ ದುಡಿದ ತರುಣ ಗೆಡ್ಡೀಸರು ಬಳಿಕ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರಕ್ಕೆ ಸೇರಿದರು. ಅಲ್ಲಿನ ಬೋಧನೆ ರುಚಿಸದೆ ಒಂದೇ ವಾರದಲ್ಲಿ ಹೊರಬಂದು, ಲಂಡನ್ನಿನಲ್ಲಿ ಪ್ರಸಿದ್ಧ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿಯವರ ಶಿಷ್ಯರಾದರು. ಮುಂದೆ ಫ್ರಾನ್ಸಿನ ಕಡಲತೀರದ ರೋಸ್ಕಾಫಿನಲ್ಲಿ ಅವರು ಅಭ್ಯಸಿಸಿದುದು ಒಂದು ಹಸುರು ಹುಳುವನ್ನು. ಆ ಹುಳುವಿನ ಮೈಯೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿ, ಒಂದಕ್ಕೊಂದು ಆಸರೆಯಾಗಿ ಬಾಳುತ್ತವೆ. ಜೀವಲೋಕವೆಂದರೆ ಕೇವಲ ಹೋರಾಟವೆಂದು ಹಲವರು ಸಾರುತ್ತಿದ್ದ ಕಾಲದಲ್ಲಿ, ಸಹಕಾರವೂ ಅಷ್ಟೇ ಪ್ರಬಲವಾದ ನಿಯಮವೆಂಬ ನಂಬಿಕೆ ಅವರಲ್ಲಿ ದೃಢವಾಯಿತು.

1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೋಗೆ ಹೋದಾಗ ಅವರ ಬಾಳಿಗೆ ದೊಡ್ಡ ಆಘಾತವೊದಗಿತು. ಕಣ್ಣಿನ ಬೇನೆಯಿಂದ ದೃಷ್ಟಿ ಮಂಕಾಗಿ, ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಇರಬೇಕಾಯಿತು. ಕಿಟಕಿಯ ಗಾಜಿನ ಚೌಕಗಳನ್ನು ಬೆರಳಿನಿಂದ ಮುಟ್ಟುತ್ತ, ಒಂದೊಂದು ಚೌಕಕ್ಕೂ ಒಂದೊಂದು ವಿಷಯವನ್ನು ಆರೋಪಿಸಿ, ಅವುಗಳ ಪರಸ್ಪರ ಸಂಬಂಧವನ್ನು ಚಿಂತಿಸುವ ಪದ್ಧತಿಯನ್ನು ಅವರು ಆ ಕತ್ತಲೆಯಲ್ಲಿ ರೂಢಿಸಿಕೊಂಡರು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕದಲ್ಲಿ ದೀರ್ಘಕಾಲ ಕಣ್ಣಿಡುವ ಶಕ್ತಿ ಉಳಿಯಲಿಲ್ಲ. ಸಣ್ಣ ಜೀವಿಗಳನ್ನು ನೋಡುತ್ತಿದ್ದ ಕಣ್ಣು ಇನ್ನು ಮೇಲೆ ಮನುಷ್ಯಸಮಾಜವೆಂಬ ದೊಡ್ಡ ಜೀವಿಯತ್ತ ತಿರುಗಿತು.

1886ರಲ್ಲಿ ಗೆಡ್ಡೀಸರು ಅನ್ನಾ ಮಾರ್ಟನ್ ಎಂಬ ಸುಸಂಸ್ಕೃತ ಮಹಿಳೆಯನ್ನು ವಿವಾಹವಾದರು. ಎಡಿನ್‌ಬರೋ ನಗರದ ಉಳ್ಳವರು ಆ ಹೊತ್ತಿಗೆ ಹಳೆಯ ಪೇಟೆಯನ್ನು ತೊರೆದು ಹೊಸ ಬಡಾವಣೆಗೆ ಹೋಗಿ ನೆಲೆಸಿದ್ದರು. ಹಳೆಯ ಪೇಟೆಯ ಎತ್ತರದ ಕಲ್ಲುಮನೆಗಳು ಬಡವರಿಂದ ಕಿಕ್ಕಿರಿದು ಕೊಳೆ, ರೋಗ, ಕತ್ತಲೆಗಳ ಬೀಡಾಗಿದ್ದವು. ನವದಂಪತಿಗಳು ಎಲ್ಲರಿಗೂ ಆಶ್ಚರ್ಯವಾಗುವಂತೆ ಆ ಪೇಟೆಯ ಜೇಮ್ಸ್ ಕೋರ್ಟ್ ಎಂಬಲ್ಲಿಗೇ ಹೋಗಿ ಸಂಸಾರ ಹೂಡಿದರು. ಉಪದೇಶ ಮಾಡಲಿಲ್ಲ, ಸ್ವತಃ ಗುಡಿಸಿದರು, ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂಗಿಡಗಳನ್ನಿಟ್ಟರು. ನೆರೆಯವರು ಮೊದಲು ನೋಡಿದರು, ಬಳಿಕ ಕೈಜೋಡಿಸಿದರು. ತೀರ ಶಿಥಿಲವಾದ ಕೆಲವೇ ಕಟ್ಟಡಗಳನ್ನು ತೆಗೆಸಿ ಅಂಗಳಗಳಿಗೆ ಗಾಳಿ ಬೆಳಕು ಬರುವಂತೆ ಮಾಡಿ, ಉಳಿದ ಹಳೆಯ ಮನೆಗಳನ್ನು ದುರಸ್ತಿಗೊಳಿಸಲಾಯಿತು. 1887ರಲ್ಲಿ ಅಲ್ಲಿಯೇ ವಿದ್ಯಾರ್ಥಿಗಳೇ ಆಡಳಿತ ನಡೆಸುವ ವಸತಿನಿಲಯವನ್ನು ಸ್ಥಾಪಿಸಿ, ವಿದ್ಯಾವಂತರೂ ಶ್ರಮಜೀವಿಗಳೂ ಒಂದೇ ಅಂಗಳದಲ್ಲಿ ಬಾಳುವಂತೆ ಮಾಡಿದರು. ಮುಂದೆ ಅವರ ಮಗಳು ನೋರಾ ಮತ್ತು ಸಂಗಡಿಗರು ಆ ಪೇಟೆಯ ಪಾಳುನಿವೇಶನಗಳನ್ನು ಎಣಿಸಿ ಹಲವನ್ನು ತೋಟಗಳನ್ನಾಗಿ ಮಾರ್ಪಡಿಸಿದರು.

1892ರಲ್ಲಿ ಗೆಡ್ಡೀಸರು ಕೋಟೆಯ ಸಮೀಪದ ಎತ್ತರದ ಕಟ್ಟಡವೊಂದನ್ನು ಪಡೆದು ಅದಕ್ಕೆ ಔಟ್‌ಲುಕ್ ಟವರ್ ಎಂದು ಹೆಸರಿಟ್ಟರು. ಬಂದವರನ್ನು ಮೊದಲು ನೆತ್ತಿಗೆ ಕರೆದೊಯ್ದು ಸುತ್ತಲಿನ ನಗರವನ್ನೂ ಬೆಟ್ಟ ಕಡಲುಗಳನ್ನೂ ತೋರಿಸುತ್ತಿದ್ದರು. ಅಲ್ಲಿಂದ ಇಳಿಯುತ್ತ ಬಂದಂತೆ ಒಂದು ಅಂತಸ್ತಿನಲ್ಲಿ ಎಡಿನ್‌ಬರೋ, ಮತ್ತೊಂದರಲ್ಲಿ ಸ್ಕಾಟ್ಲೆಂಡ್, ಮುಂದೆ ಯೂರೋಪು, ಕೊನೆಗೆ ಇಡೀ ಜಗತ್ತು. ತನ್ನ ಊರನ್ನು ಅರಿತವನು ಮಾತ್ರ ಜಗತ್ತನ್ನು ಅರಿಯಬಲ್ಲನೆಂಬುದು ಈ ಮೆಟ್ಟಿಲುಗಳ ಪಾಠವಾಗಿತ್ತು. ಪುಸ್ತಕಜ್ಞಾನವೊಂದನ್ನೇ ಶಿಕ್ಷಣವೆಂದು ಅವರು ಎಂದೂ ಒಪ್ಪಲಿಲ್ಲ. ಹೃದಯ, ಕೈ, ತಲೆ ಮೂರೂ ಒಟ್ಟಿಗೆ ಬೆಳೆಯಬೇಕು, ಮಗು ತೋಟದಲ್ಲಿ ಕಲಿಯಬೇಕು ಎಂಬುದು ಅವರ ನಿಲುವು. 1888ರಿಂದ 1919ರವರೆಗೆ ಡಂಡೀಯಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರಿಗೆ ಬೋಧನೆಯ ಹೊಣೆಯಿದ್ದುದು ಬೇಸಗೆಯ ಮೂರು ತಿಂಗಳು ಮಾತ್ರ. ಉಳಿದ ಕಾಲವೆಲ್ಲ ಊರುಗಳ ಚಿಂತನೆಗೆ ಮೀಸಲು. 1904ರಲ್ಲಿ ಡನ್‌ಫರ್ಮ್‌ಲಿನ್ ಪಟ್ಟಣಕ್ಕಾಗಿ ಅವರು ಬರೆದ ಬೃಹತ್ ಯೋಜನೆಯನ್ನು ಅದನ್ನು ಬರೆಯಿಸಿದವರೇ ಸ್ವೀಕರಿಸಲಿಲ್ಲ. ಆದರೆ ರೋಗಪರೀಕ್ಷೆಯ ಮೊದಲು ಚಿಕಿತ್ಸೆ ಸಲ್ಲದು, ಸಮೀಕ್ಷೆಯ ಮೊದಲು ಯೋಜನೆ ಸಲ್ಲದು ಎಂಬ ಅವರ ತತ್ತ್ವ ಮಾತ್ರ ಹರಡುತ್ತ ಹೋಯಿತು. 1915ರಲ್ಲಿ ಪ್ರಕಟವಾದ ಸಿಟೀಸ್ ಇನ್ ಎವಲ್ಯೂಷನ್ ಎಂಬ ಗ್ರಂಥ ಈ ವಿಚಾರಗಳನ್ನು ವಿಶದಪಡಿಸಿತು.

ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ಪೆಂಟ್‌ಲೆಂಡರ ಆಹ್ವಾನದಂತೆ 1914ರಲ್ಲಿ ಗೆಡ್ಡೀಸರು ಭಾರತಕ್ಕೆ ಹೊರಟರು. ವರ್ಷಗಳ ಶ್ರಮದಿಂದ ಕೂಡಿಸಿದ್ದ ನಗರ ಪ್ರದರ್ಶನದ ನಕ್ಷೆಗಳೂ ಚಿತ್ರಗಳೂ ಮತ್ತೊಂದು ಹಡಗಿನಲ್ಲಿ ಬರುತ್ತಿದ್ದವು. ಮಹಾಯುದ್ಧದ ಆರಂಭದ ದಿನಗಳವು. ಎಮ್ಡೆನ್ ಎಂಬ ಜರ್ಮನ್ ಯುದ್ಧನೌಕೆ ಆ ಹಡಗನ್ನು ಮುಳುಗಿಸಿತು. ಬದುಕಿನ ಗಳಿಕೆ ಕಡಲಿನ ಪಾಲಾಯಿತು. ಅರವತ್ತು ವಯಸ್ಸಿನ ಆ ವೃದ್ಧರು ಎದೆಗುಂದಲಿಲ್ಲ. ತಾಯ್ನಾಡಿನ ಗೆಳೆಯರು ಹೊಸದಾಗಿ ಸಾಮಗ್ರಿಯನ್ನು ಕೂಡಿಸಿ ಕಳುಹಿಸಿದರು. 1915ರ ಆರಂಭದಲ್ಲಿಯೇ ಮದರಾಸಿನಲ್ಲಿ ಪ್ರದರ್ಶನ ನಡೆಯಿತು. ಹಿರಿಯ ಮಗ ಅಲಸ್ಡೇರ್ ತಂದೆಗೆ ಬಲಗೈಯಾಗಿದ್ದನು.

ಅಲ್ಲಿಂದ ಮುಂದೆ ಅವರು ಸುಮಾರು ಐವತ್ತು ಭಾರತೀಯ ಊರುಗಳನ್ನು ಕುರಿತು ವರದಿಗಳನ್ನು ಬರೆದರು. ತಂಜಾವೂರು, ಮಧುರೆ, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ, ಬಡೋದೆ, ಲಖನೌ, ಬಲರಾಂಪುರ, ಲಾಹೋರು, ಢಾಕಾ, ಇಂದೋರು ಇವುಗಳಲ್ಲಿ ಕೆಲವು. ನಕ್ಷೆಯನ್ನು ಹಿಡಿದು ಉರಿಬಿಸಿಲಿನಲ್ಲಿ ದಿನಗಟ್ಟಲೆ ಓಣಿ ಓಣಿ ತಿರುಗುವುದೇ ಅವರ ಕಾರ್ಯವಿಧಾನ. ಯಾವ ಬಾವಿ ಎಲ್ಲಿದೆ, ಯಾವ ಮರದ ಕೆಳಗೆ ಜನ ಕೂಡುತ್ತಾರೆ, ಯಾವ ಗುಡಿಗೆ ಯಾವ ದಾರಿ ಹೋಗುತ್ತದೆ, ಯಾವ ಮನೆ ಬಿದ್ದಿದೆ ಎಂಬುದನ್ನೆಲ್ಲ ಗುರುತಿಸುತ್ತಿದ್ದರು. ಆ ಕಾಲದ ಎಂಜಿನಿಯರುಗಳು ಇಕ್ಕಟ್ಟಾದ ಕೇರಿಯ ನಡುವೆ ಅಳತೆಪಟ್ಟಿಯಿಟ್ಟು ನೇರವಾದ ರಸ್ತೆಯನ್ನು ಎಳೆದು, ಅಡ್ಡ ಬಂದ ಮನೆಗಳನ್ನೆಲ್ಲ ಕೆಡವುತ್ತಿದ್ದರು. ಮನೆ ಕಳೆದುಕೊಂಡ ಬಡವರು ಪಕ್ಕದ ಕೇರಿಗೆ ನುಗ್ಗಿ ಅಲ್ಲಿನ ಇಕ್ಕಟ್ಟನ್ನು ಇಮ್ಮಡಿಗೊಳಿಸುತ್ತಿದ್ದರು. ಗೆಡ್ಡೀಸರು ಬೋಧಿಸಿದುದು ಉಳಿಸುವ ಶಸ್ತ್ರಚಿಕಿತ್ಸೆಯನ್ನು. ಬಿದ್ದುಹೋದ ಒಂದೆರಡು ಮನೆಗಳ ಜಾಗವನ್ನು ಮಾತ್ರ ತೆರವುಗೊಳಿಸಿ, ಅಲ್ಲೊಂದು ಕಟ್ಟೆ, ಒಂದು ಮರ. ಇದ್ದ ಓಣಿಗಳನ್ನೇ ಅಲ್ಪಸ್ವಲ್ಪ ತಿದ್ದಿ ಒಂದಕ್ಕೊಂದು ಜೋಡಿಸಿದರೆ ಗಾಳಿಯೂ ದಾರಿಯೂ ಸಾಕಷ್ಟು ದೊರೆಯುವುವೆಂದು ತೋರಿಸಿದರು. ತಂಜಾವೂರಿನಲ್ಲಿ ಇಂತಹ ಯೋಜನೆ ಕೆಡವುವ ಯೋಜನೆಯ ವೆಚ್ಚದ ಸ್ವಲ್ಪ ಭಾಗದಲ್ಲಿಯೇ ಮುಗಿಯುವುದೆಂದು ಲೆಕ್ಕ ಹಾಕಿ ತೋರಿಸಿದರು.

ಪರದೇಶದವರು ಹಿಂದುಳಿದುದೆಂದು ಹಳಿಯುತ್ತಿದ್ದ ಅನೇಕ ಸಂಗತಿಗಳಲ್ಲಿ ಅವರಿಗೆ ಅರ್ಥ ಕಂಡಿತು. ಕಿರಿದಾದ ಓಣಿ ನೆರಳನ್ನು ಕೊಡುತ್ತದೆ. ಅದನ್ನು ಅಗಲಿಸಿದರೆ ಝಳವೂ ಧೂಳೂ ಮನೆಯೊಳಗೆ ಬರುತ್ತವೆ. ಮನೆಯ ಮುಂದಿನ ಜಗಲಿ ನೆರೆಹೊರೆಯನ್ನು ಬೆಸೆಯುತ್ತದೆ. ಅಂಗಳದ ತುಳಸಿಯ ಕಟ್ಟೆ ಓರಣವಾದ ಗೃಹಕೃತ್ಯದ ಕುರುಹು. ದಕ್ಷಿಣದ ದೇವಾಲಯ ನಗರಗಳಲ್ಲಿ ತೇರು ಸಾಗುವ ವಿಶಾಲ ಬೀದಿಗಳು ಊರಿಗೆ ಕ್ರಮವನ್ನು ತಂದಿತ್ತ ಬಗೆಯನ್ನು ಅವರು ಮನಸಾರೆ ಮೆಚ್ಚಿದರು. ಸೊಳ್ಳೆಯ ಭಯದಿಂದ ಕೆರೆಗಳನ್ನು ಮುಚ್ಚಿಸಬೇಕೆಂದು ಆರೋಗ್ಯಾಧಿಕಾರಿಗಳು ಹಟ ಹಿಡಿದಾಗ, ಕೆರೆ ಊರನ್ನು ತಂಪಾಗಿಡುತ್ತದೆ, ಮಳೆಯ ನೀರನ್ನು ಹಿಡಿದಿಡುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನಲು ಮೀನುಗಳೂ ಬಾತುಗಳೂ ಇವೆ ಎಂದು ವಾದಿಸಿದರು. ಊರಿನ ಹೊಲಸನ್ನು ನದಿಗೆ ಹರಿಸುವುದಕ್ಕಿಂತ ತೋಟಗಳ ಗೊಬ್ಬರವಾಗಿಸುವುದೇ ಲೇಸೆಂದು ಸಾರಿದರು.

1917ನೆಯ ಇಸವಿ ಅವರ ಬಾಳಿನ ಅತ್ಯಂತ ಕಠೋರವಾದ ವರ್ಷ. ಯುದ್ಧಕ್ಕೆ ಮರಳಿದ್ದ ಅಲಸ್ಡೇರ್ ಫ್ರಾನ್ಸಿನಲ್ಲಿ ಹತನಾದನು. ಆ ವಾರ್ತೆ ಬಂದಾಗ ಅನ್ನಾ ಅವರು ಭಾರತದಲ್ಲಿಯೇ ವಿಷಮಜ್ವರದಿಂದ ಮರಣಶಯ್ಯೆಯಲ್ಲಿದ್ದರು. ಗೆಡ್ಡೀಸರು ದುಃಖವನ್ನು ನುಂಗಿಕೊಂಡು, ಮಗನ ಹಳೆಯ ಪತ್ರಗಳನ್ನು ಮಡದಿಗೆ ಓದಿ ಹೇಳುತ್ತಿದ್ದರು. ಮಗನಿಲ್ಲವೆಂಬುದನ್ನು ಅರಿಯದೆಯೇ ಆ ತಾಯಿ ಜೂನ್ ತಿಂಗಳಿನಲ್ಲಿ ಕಣ್ಮುಚ್ಚಿದರು. ಮೂವತ್ತೊಂದು ವರ್ಷ ಜೊತೆಗೂಡಿ ದುಡಿದ ಜೀವ ಅಗಲಿದ ಮೇಲೂ ಅವರು ಕೈಕಟ್ಟಿ ಕೂಡಲಿಲ್ಲ. ಇಂದೋರಿನ ಕೆಲಸಕ್ಕೆ ತೊಡಗಿದರು.

ಇಂದೋರು ಆಗ ಪ್ಲೇಗಿನಿಂದ ತತ್ತರಿಸುತ್ತಿತ್ತು. ಆಜ್ಞೆಗಳಿಂದ ಜನ ಬದಲಾಗುವುದಿಲ್ಲ, ಹಬ್ಬದಿಂದ ಬದಲಾಗಬಲ್ಲರು ಎಂದು ಗೆಡ್ಡೀಸರು ಬಗೆದರು. ಮಹಾರಾಜರಿಂದ ಒಂದು ದಿನದ ಅಧಿಕಾರವನ್ನು ಬೇಡಿ ಪಡೆದು, ದೀಪಾವಳಿಯ ಮೆರವಣಿಗೆಯನ್ನು ತಾವೇ ಏರ್ಪಡಿಸಿದರು. ಅತ್ಯಂತ ಚೊಕ್ಕಟವಾಗಿ ಮನೆಗಳನ್ನು ದುರಸ್ತಿಗೊಳಿಸಿದ ಬೀದಿಗಳಲ್ಲಿಯೇ ಮೆರವಣಿಗೆ ಸಾಗುವುದೆಂದು ಮೊದಲೇ ಸಾರಲಾಯಿತು. ಊರಿಗೆ ಊರೇ ಪೊರಕೆ ಹಿಡಿಯಿತು. ಗಾಡಿಗಟ್ಟಲೆ ಕಸ ಹೊರಬಿತ್ತು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ದೊಡ್ಡ ಬೊಂಬೆಯಿತ್ತು, ಕೊಳೆಯ ರಾಕ್ಷಸನಿದ್ದನು, ಅವರ ಹಿಂದೆ ಲಕ್ಷ್ಮಿಯ ರಥ ಬಂದಿತು. ಊರಿನ ಝಾಡಮಾಲಿಗಳು ಬಿಳಿಯ ಉಡುಪು ತೊಟ್ಟು, ಶೃಂಗರಿಸಿದ ಎತ್ತಿನ ಗಾಡಿಗಳೊಡನೆ ಗೌರವದ ಸ್ಥಾನದಲ್ಲಿ ನಡೆದರು. ಸಂಜೆ ಇಲಿಯನ್ನೂ ರಾಕ್ಷಸನನ್ನೂ ಸುಡಲಾಯಿತು. ಮನೆಮನೆಗೆ ತುಳಸಿಯ ಸಸಿಗಳನ್ನು ಹಂಚಲಾಯಿತು. ರೋಗದ ಹಾವಳಿ ಇಳಿಯಿತು. ಋತು ಬದಲಾದುದೂ ಅದಕ್ಕೆ ಒಂದು ಕಾರಣವಿದ್ದೀತು. ಆದರೆ ಎಲ್ಲರೂ ದೂರವಿಟ್ಟಿದ್ದ ಶ್ರಮಜೀವಿಗಳಿಗೆ ಊರು ಅಂದು ಸಲ್ಲಿಸಿದ ಮರ್ಯಾದೆ ಯಾವ ಔಷಧಿಗೂ ಕಡಿಮೆಯದಲ್ಲ. 1918ರಲ್ಲಿ ಅವರು ದರ್ಬಾರಿಗೆ ಸಲ್ಲಿಸಿದ ಎರಡು ಸಂಪುಟಗಳ ವರದಿ ನಗರಶಾಸ್ತ್ರದ ಶ್ರೇಷ್ಠ ಕೃತಿಗಳಲ್ಲೊಂದು.

1919ರಿಂದ 1924ರವರೆಗೆ ಗೆಡ್ಡೀಸರು ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿದ್ದರು. ಸಸ್ಯಗಳ ಸ್ಪಂದನವನ್ನು ಕುರಿತು ಪ್ರಯೋಗ ನಡೆಸಿದ ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು 1920ರಲ್ಲಿ ಬರೆದರು. ರವೀಂದ್ರನಾಥ ಠಾಕೂರರ ಸ್ನೇಹವನ್ನು ಗಳಿಸಿದರು. 1925ರಲ್ಲಿ ಟೆಲ್ ಅವೀವ್ ನಗರಕ್ಕೆ ಯೋಜನೆ ನೀಡಿ, ಸಣ್ಣ ಮನೆಗಳ ನಡುವೆ ತೋಟಗಳಿಗೂ ನೆರಳಿಗೂ ಎಡೆ ಕಲ್ಪಿಸಿದರು. ಆ ಯೋಜನೆಯ ಮೇಲೆ ಬೆಳೆದ ನಗರಭಾಗವನ್ನು ಯುನೆಸ್ಕೋ 2003ರಲ್ಲಿ ವಿಶ್ವ ಪರಂಪರೆಯ ತಾಣವಾಗಿ ಅಂಗೀಕರಿಸಿತು. ಕೊನೆಯ ವರ್ಷಗಳನ್ನು ಫ್ರಾನ್ಸಿನ ಮಾಂಟ್‌ಪೆಲಿಯರಿನಲ್ಲಿ ತಾವೇ ಸ್ಥಾಪಿಸಿದ ವಿದ್ಯಾಲಯದಲ್ಲಿ ಕಳೆದರು. 1932ರಲ್ಲಿ ಸರ್ ಪದವಿ ಬಂದಿತು. ಅದೇ ವರ್ಷದ ಏಪ್ರಿಲ್ 17ರಂದು ಅಲ್ಲಿಯೇ ನಿಧನರಾದರು.

ಗೆಡ್ಡೀಸರ ಬಾಳು ಲೌಕಿಕ ದೃಷ್ಟಿಯಿಂದ ಪೂರ್ಣ ಯಶಸ್ವಿಯಾದುದಲ್ಲ. ಅವರ ಮಾತು ಪ್ರವಾಹದಂತೆ ಹರಿದು ಕೇಳುವವರ ಹಿಡಿತಕ್ಕೆ ಸಿಕ್ಕುತ್ತಿರಲಿಲ್ಲ. ಕೈಹಾಕಿದ ಕೆಲಸಗಳಲ್ಲಿ ಹಲವು ಅರ್ಧಕ್ಕೇ ನಿಂತವು. ಭಾರತದ ವರದಿಗಳಲ್ಲಿ ಬಹಳಷ್ಟು ಕಚೇರಿಗಳ ಕಪಾಟಿನಲ್ಲಿ ಧೂಳು ತಿಂದವು. ಆದರೂ ಲೂಯಿ ಮಮ್‌ಫರ್ಡರಂತಹ ಚಿಂತಕರು ಅವರನ್ನು ಗುರುವೆಂದು ಭಾವಿಸಿ ಆ ಬೀಜಗಳನ್ನು ಮುಂದಿನ ತಲೆಮಾರಿಗೆ ದಾಟಿಸಿದರು.

ಅವರ ಎಚ್ಚರಿಕೆಯ ನಿಜವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 2022ರ ಸೆಪ್ಟೆಂಬರಿನ ಮಳೆಗೆ ಅದೇ ಮಹಾನಗರದ ಹೊಸ ಬಡಾವಣೆಗಳು ಜಲಾವೃತವಾದವು. ಕೆರೆಯನ್ನು ಕಳೆದುಕೊಂಡ ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. ಮನೆಯನ್ನೋ ಶಾಲೆಯನ್ನೋ ಊರನ್ನೋ ಕಟ್ಟಹೊರಡುವವರು ಮೊದಲು ಆ ನೆಲದ ಮೇಲೆ ನಾಲ್ಕು ದಿನ ನಡೆದು, ಅಲ್ಲಿನ ಮರ, ನೀರು, ಗಾಳಿ, ಹಿರಿಯರ ನೆನಪುಗಳನ್ನು ವಿಚಾರಿಸಿ, ಬಳಿಕವೇ ಗುದ್ದಲಿಯನ್ನು ಎತ್ತಬೇಕು. ಒಂದು ಶತಮಾನದ ಹಿಂದೆ ನಮ್ಮ ಓಣಿಗಳಲ್ಲಿ ಬಿಸಿಲಿಗೆ ಬೆಂದು ಅಲೆದ ಆ ಪರದೇಶದ ಮುದುಕರು ಬಿಟ್ಟುಹೋದ ಪಾಠವಿದು.