ಬಂದೇ ನವಾಜರ ದಾರಿಯಲ್ಲಿ ನಾಲ್ಕು ಹೆಜ್ಜೆ

ಕಲಬುರಗಿ ಕೋಟೆಯಿಂದ ದರ್ಗಾದ ತನಕ ಎಂದಾದರೂ ನಡೆದು ಹೋಗಿದ್ದೀರಾ? ಹೋದ ತಿಂಗಳು ನಮ್ಮ ಕ್ಲಾಸಿನ ನಾಲ್ವರು ನಡೆದೆವು. ಇಬ್ಬರು ಇದೇ ಊರಿನವರು, ಇಬ್ಬರು ದಿನಾ ಕಮಲಾಪುರದಿಂದ ಬಸ್ಸಿಗೆ ಬರುವವರು. ದೂರ ಏನೂ ಇಲ್ಲ. ಆದ್ರೆ ಸೂಪರ್ ಮಾರ್ಕೆಟ್, ಚೌಕ್ ದಾಟೋದ್ರೊಳಗ ಸಾಕುಸಾಕಾಯ್ತು. ಫುಟ್‌ಪಾತ್ ಮೇಲೆ ಬೈಕು, ಬೈಕಿಲ್ಲದ ಕಡೆ ಅಂಗಡಿ ಸಾಮಾನು, ಎರಡೂ ಇಲ್ಲದ ಕಡೆ ಫುಟ್‌ಪಾತೇ ಇಲ್ಲ. ದರ್ಗಾಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ರಸ್ತೆ ದಾಟಲಿಕ್ಕೆ ನಮ್ಮ ಕೈ ಹಿಡಿದುಕೊಂಡರು. ಹುಟ್ಟಿದಾಗಿನಿಂದ ಹೆಸರು ಕೇಳುತ್ತಾ ಬಂದ ಬಂದೇ ನವಾಜರ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಅಂತ ಅವತ್ತು ಅನಿಸಿತು. ಬಂದು ಓದಿದೆವು. ಅವರ ಬದುಕಿನಲ್ಲೂ ಇದೇ ಜನಜಂಗುಳಿಯ ಪ್ರಶ್ನೆ ಇತ್ತು.

ಅವರ ಹೆಸರು ಸೈಯದ್ ಮುಹಮ್ಮದ್ ಹುಸೇನಿ. ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಬದಲಾಯಿಸಿದ ಕಥೆ ನಾವು ಸ್ಕೂಲಿನಲ್ಲಿ ಓದಿದ್ದೇವಲ್ಲ, ಆಗ ಊರು ಬಿಟ್ಟ ಮನೆಗಳಲ್ಲಿ ಇವರ ಮನೆಯೂ ಒಂದು. ತಂದೆ ಅಲ್ಲೇ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ತಾಯಿ ಮಕ್ಕಳನ್ನು ಕರೆದುಕೊಂಡು ದೆಹಲಿಗೆ ವಾಪಸ್ ಬಂದರು.

ದೆಹಲಿಯಲ್ಲಿ ಚಿಶ್ತಿ ಪರಂಪರೆಯ ಸೂಫಿ ನಸೀರುದ್ದೀನ್ ಚಿರಾಗ್ ದೆಹಲವಿ ಅವರ ಶಿಷ್ಯರಾದರು. ಒಮ್ಮೆ ಗುರುಗಳ ಪಲ್ಲಕ್ಕಿ ಹೊರುವಾಗ ಇವರ ಉದ್ದ ಕೂದಲು ಪಲ್ಲಕ್ಕಿಗೆ ಸಿಕ್ಕಿಹಾಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುಗಳಿಗೆ ತಡ ಆಗ್ತದ ಅಂತ ನೋವು ನುಂಗಿಕೊಂಡು ಹಾಗೇ ನಡೆದರು. ಉದ್ದ ಕೂದಲಿನವರು ಎಂಬ ಅರ್ಥದ ಗೇಸುದರಾಜ್ ಹೆಸರು ಬಂದದ್ದು ಹೀಗೆ ಅಂತ ಭಕ್ತರು ಹೇಳುತ್ತಾರೆ. 1356ರಲ್ಲಿ ಗುರುಗಳು ತೀರಿಕೊಂಡ ಮೇಲೆ ದಶಕಗಳ ಕಾಲ ದೆಹಲಿಯಲ್ಲೇ ಶಿಷ್ಯರಿಗೆ ಮಾರ್ಗದರ್ಶನ ಮಾಡಿದರು.

1398ರಲ್ಲಿ ತೈಮೂರನ ದಂಡು ದೆಹಲಿಯ ಹತ್ತಿರ ಬಂತು. 77ರ ವಯಸ್ಸಿನಲ್ಲಿ ಮತ್ತೆ ಊರು ಬಿಡಬೇಕಾಯಿತು. ಗ್ವಾಲಿಯರ್, ಗುಜರಾತ್, ದೌಲತಾಬಾದ್ ದಾಟಿ 1400ರ ಸುಮಾರಿಗೆ ಕಲಬುರಗಿ ತಲುಪಿದರು. ನಮ್ಮ ಅಜ್ಜಂದಿರು ಮನೆ ಕಟ್ಟೆ ಬಿಟ್ಟು ಏಳದ ವಯಸ್ಸು ಅದು!

ಬಹಮನಿ ಸುಲ್ತಾನ ಫಿರೋಜ್ ಷಾ ಗೌರವದಿಂದ ಬರಮಾಡಿಕೊಂಡ. ಕೋಟೆಯ ಹತ್ತಿರವೇ ಅವರ ಖಾನ್‌ಖಾ, ಅಂದ್ರೆ ಆಶ್ರಮ ಶುರುವಾಯಿತು. ಜನ ಬರತೊಡಗಿದರು. ಆದರೆ ಫಿರೋಜ್ ಖಗೋಳಶಾಸ್ತ್ರ, ತರ್ಕ ಅಂತ ಆಸಕ್ತಿ ಇದ್ದವನು, ಸೂಫಿಗಳ ಮೇಲಿನ ಅವನ ಒಲವು ನಿಧಾನಕ್ಕೆ ಕಡಿಮೆಯಾಯಿತು. ತಮ್ಮ ಅಹ್ಮದ್ ಮಾತ್ರ ದೊಡ್ಡ ಭಕ್ತ. ಇತಿಹಾಸಕಾರ ಫಿರಿಷ್ತಾ ಬರೆದ ಪ್ರಕಾರ, ತನ್ನ ಮಗನನ್ನು ಮುಂದಿನ ಸುಲ್ತಾನ ಅಂತ ಹರಸಲು ಫಿರೋಜ್ ಕೇಳಿದಾಗ ಬಂದೇ ನವಾಜರು ಒಪ್ಪಲಿಲ್ಲ. ಸಿಂಹಾಸನ ಅಹ್ಮದನಿಗೆ ಅಂತ ಹೇಳಿಬಿಟ್ಟರು. ಸಿಟ್ಟಾದ ಸುಲ್ತಾನ, ಅರಮನೆ ಹತ್ತಿರ ಇಷ್ಟು ಜನ ಸೇರುವುದು ಅಪಾಯ ಅಂತ ಕಾರಣ ಕೊಟ್ಟು ಅವರನ್ನು ಕೋಟೆಯಿಂದ ದೂರ ಕಳಿಸಿದ. ಅವರು ಊರಾಚೆ, ಈಗ ದರ್ಗಾ ಇರುವ ಕಡೆ ಹೋಗಿ ನೆಲೆಸಿದರು.

ಜನ ನಿಂತರಾ? ಇಲ್ಲ, ಅಲ್ಲಿಗೂ ನಡೆದರು. 1422ರಲ್ಲಿ ಫಿರೋಜ್ ಪಟ್ಟ ಕಳೆದುಕೊಂಡ, ಅಹ್ಮದ್ ಸುಲ್ತಾನನಾದ. ಅದೇ ವರ್ಷ ನವೆಂಬರಿನಲ್ಲಿ 100 ದಾಟಿದ್ದ ಬಂದೇ ನವಾಜರು ತೀರಿಕೊಂಡರು. ಮುಂದೆ ಅಹ್ಮದ್ ರಾಜಧಾನಿಯನ್ನೇ ಬೀದರ್‌ಗೆ ಒಯ್ದ. ಈಗ ಬೀದರ್‌ಗೆ ಹೋಗುವ ಬಸ್ಸುಗಳು ನಮ್ಮ ಗೆಳೆಯರ ಕಮಲಾಪುರದ ಮೇಲೇ ಹೋಗ್ತಾವ. ದರಬಾರು ಹೋಯಿತು, ದರ್ಗಾಕ್ಕೆ ನಡೆಯುವವರು ಹೋಗಲಿಲ್ಲ. ಅವರನ್ನು ದೂರ ಕಳಿಸಿದ ಫಿರೋಜನ ಗೋರಿ ಕೂಡ ದರ್ಗಾದ ಹತ್ತಿರದ ಹಫ್ತ್ ಗುಂಬಜ್‌ನಲ್ಲೇ ಇದೆ.

ಇದನ್ನು ಓದಿದಾಗ ನಮಗೆ ನಮ್ಮ ಮಾರ್ಕೆಟ್ ರಸ್ತೆ ನೆನಪಾಯಿತು. ಗದ್ದಲ ಆದರೆ ಇವತ್ತೂ ಮೊದಲು ಬದಿಗೆ ಸರಿಯಬೇಕಾದವರು ನಡೆಯುವವರೇ. ರಸ್ತೆ ಅಗಲ ಮಾಡೋಣ ಅಂದರೂ ಹೋಗೋದು ಫುಟ್‌ಪಾತೇ. ಉರುಸಿನಲ್ಲಿ ಮೆಹಬೂಬ್ ಗುಲ್ಶನ್ ಗಾರ್ಡನ್‌ನಿಂದ ದರ್ಗಾಕ್ಕೆ ಸಂದಲ್ ಮೆರವಣಿಗೆ ಹೊರಟಾಗ, ಶರಣಬಸವೇಶ್ವರರ ತೇರು ಎಳೆಯುವಾಗ ಈ ಊರು ಜನರಿಗೆ ದಾರಿ ಬಿಡ್ತದ. ಗಾಡಿಗಳು ಸುತ್ತಿ ಹೋಗ್ತಾವ, ಯಾರ ಕೆಲಸವೂ ನಿಲ್ಲೋದಿಲ್ಲ. ವರ್ಷಕ್ಕೆ ಒಂದೆರಡು ದಿನ ಆಗುವುದು ಚೌಕ್ ಸುತ್ತಮುತ್ತ ದಿನಾ ಸಂಜೆ ಎರಡು ಗಂಟೆಯಾದರೂ ಯಾಕಾಗಬಾರದು? ಪಾರ್ಕಿಂಗ್ ಮಾರ್ಕೆಟ್ಟಿನ ಹೊರಗೆ ಇರಲಿ, ಒಳಗೆ ಜನ ನಡೆಯಲಿ. ತಳ್ಳುಗಾಡಿಯವರಿಗೂ ಗೆರೆ ಹಾಕಿ ಜಾಗ ಕೊಡಲಿ, ಅವರೂ ಬದುಕಬೇಕಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ನಾವು ಮತ್ತೆ ಕೋಟೆಯಿಂದ ಹೊರಡುತ್ತೇವೆ. ಈ ಸಲ ಟೇಪು, ನೋಟ್‌ಬುಕ್ ಜೊತೆಗೆ. ಆ ಅಜ್ಜಿ ನಮ್ಮ ಕೈ ಹಿಡಿದ ಜಾಗದಿಂದಲೇ ಅಳತೆ ಶುರು ಮಾಡ್ತೇವಿ. ನೀವೂ ಬರ್ರಿ.