ಕಾಡುಹಣ್ಣು ಆರಿಸಲು ಹೊರಟ ಪದವೀಧರ

ಡಿಗ್ರಿ ಕೈಗೆ ಬಂದ ವರ್ಷವೇ ಆರ್ಥಿಕ ಕುಸಿತ. ಬ್ಯಾಂಕುಗಳು ಮುಳುಗುತ್ತಿವೆ, ಎಲ್ಲಿ ಹೋದರೂ ಕೆಲಸವಿಲ್ಲ. ಇದು ಇಂದಿನ ಕಥೆಯಲ್ಲ. 1837ರಲ್ಲಿ ಅಮೆರಿಕದ ಹಾರ್ವರ್ಡ್‌ನಿಂದ ಪದವಿ ಪಡೆದು ಹೊರಬಂದ ಹೆನ್ರಿ ಡೇವಿಡ್ ಥೋರೊ ಎದುರಿಸಿದ ಪರಿಸ್ಥಿತಿ.

1817ರ ಜುಲೈ 12ರಂದು ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಎಂಬ ಊರಿನಲ್ಲಿ ಹುಟ್ಟಿದ ಥೋರೊಗೆ ಅದೃಷ್ಟವಶಾತ್ ಊರಿನಲ್ಲೇ ಶಿಕ್ಷಕನ ಕೆಲಸ ಸಿಕ್ಕಿತು. ಆದರೆ ಮಕ್ಕಳಿಗೆ ಬೆತ್ತದ ರುಚಿ ತೋರಿಸಬೇಕೆಂಬ ಒತ್ತಡ ಬಂದಾಗ ಎರಡೇ ವಾರದಲ್ಲಿ ಕೆಲಸ ಬಿಟ್ಟರು. ಮುಂದೆ ಅಪ್ಪನ ಪೆನ್ಸಿಲ್ ಕಾರ್ಖಾನೆಗೆ ಸೇರಿ, ಗ್ರಾಫೈಟನ್ನು ಇನ್ನಷ್ಟು ನುಣ್ಣಗೆ ಅರೆದು ಜೇಡಿಮಣ್ಣು ಬೆರೆಸಿ ಉತ್ತಮ ಪೆನ್ಸಿಲ್ ತಯಾರಿಸಿದರು. ಜಮೀನು ಸರ್ವೆ ಮಾಡುವುದನ್ನೂ ಕಲಿತರು. ಇಷ್ಟು ಕೌಶಲವಿದ್ದವರು ಶ್ರೀಮಂತರಾಗಬಹುದಿತ್ತು. ಥೋರೊ ಮಾಡಿದ ಲೆಕ್ಕವೇ ಬೇರೆ. ವರ್ಷಕ್ಕೆ ಸುಮಾರು ಆರು ವಾರ ದುಡಿದರೆ ತಮ್ಮ ಖರ್ಚಿಗೆ ಸಾಕು, ಉಳಿದದ್ದು ಕಾಡಿಗೆ!

1839ರಲ್ಲಿ ಅಣ್ಣ ಜಾನ್ ಜತೆ ತಾವೇ ಕಟ್ಟಿದ ದೋಣಿಯಲ್ಲಿ ನದಿ ಪ್ರವಾಸ ಹೊರಟು, ರಾತ್ರಿ ದಡದಲ್ಲಿ ಟೆಂಟ್ ಹಾಕಿ ಮಲಗಿದರು. ಆದರೆ ಕಾಡು ಅವರಿಗೆ ಕಠಿಣ ಪಾಠವನ್ನೂ ಕಲಿಸಿತು. 1844ರಲ್ಲಿ ಮೀನು ಬೇಯಿಸಲು ಹಚ್ಚಿದ ಬೆಂಕಿ ಒಣಹುಲ್ಲಿಗೆ ತಗುಲಿ ಊರಿನ ಕಾಡು ನೂರಾರು ಎಕರೆ ಸುಟ್ಟುಹೋಯಿತು. ಊರವರು ಅದನ್ನು ಬೇಗ ಮರೆಯಲಿಲ್ಲ.

1845ರ ಜುಲೈ 4ರಂದು ವಾಲ್ಡನ್ ಕೊಳದ ಬಳಿ ಸುಮಾರು 28 ಡಾಲರ್ ಖರ್ಚಿನಲ್ಲಿ ಕಟ್ಟಿಕೊಂಡ ಪುಟ್ಟ ಮನೆಗೆ ಹೋದರು. ಎರಡು ವರ್ಷಕ್ಕೂ ಹೆಚ್ಚು ಅಲ್ಲಿದ್ದರು. ಅಲ್ಲಿ ಜುಲೈ ಎಂದರೆ ನಡು ಬೇಸಿಗೆ, ಹಕಲ್‌ಬೆರಿ ಹಣ್ಣಾಗುವ ಕಾಲ. ನಮ್ಮ ಕವಳೆ ಹಣ್ಣಿಗಿಂತ ಚಿಕ್ಕದಾದ ಈ ಕಪ್ಪು ಹಣ್ಣು ಗುಡ್ಡದ ಪೊದೆಗಳಲ್ಲಿ ತಾನೇ ಬೆಳೆಯುತ್ತದೆ. ಗುಲಾಮಗಿರಿ ಮತ್ತು ಮೆಕ್ಸಿಕೊ ಯುದ್ಧವನ್ನು ವಿರೋಧಿಸಿ ತೆರಿಗೆ ಕಟ್ಟದ ಥೋರೊ 1846ರ ಜುಲೈನಲ್ಲಿ ಒಂದು ರಾತ್ರಿ ಜೈಲಿನಲ್ಲಿದ್ದರು. ಯಾರೋ ತೆರಿಗೆ ಕಟ್ಟಿದ್ದರಿಂದ ಮರುದಿನ ಬಿಡುಗಡೆಯಾಯಿತು. ಹೊರಬಂದವರು ಮಾಡಿದ್ದೇನು? ರಿಪೇರಿಗೆ ಕೊಟ್ಟಿದ್ದ ಶೂ ತೆಗೆದುಕೊಂಡು, ಹಕಲ್‌ಬೆರಿ ಆರಿಸಲು ಕಾಯುತ್ತಿದ್ದವರನ್ನು ಕರೆದುಕೊಂಡು ಗುಡ್ಡ ಹತ್ತಿದರು!

1857ರ ಬೇಸಿಗೆಯಲ್ಲಿ ಮೇನ್ ರಾಜ್ಯದ ಕಾಡಿಗೆ ಹೋದಾಗ ಪೆನಾಬ್‌ಸ್ಕಾಟ್ ಮೂಲನಿವಾಸಿ ಜೋ ಪೊಲಿಸ್ ಅವರ ಮಾರ್ಗದರ್ಶಕರಾಗಿದ್ದರು. ಪೊಲಿಸ್ ಕಾಡುಗಿಡದಿಂದ ಚಹಾ ಮಾಡಿಕೊಟ್ಟರು, ಗಿಡಗಳ ಉಪಯೋಗ ತಿಳಿಸಿದರು. ಹಾರ್ವರ್ಡ್ ಪದವೀಧರ ಅವರಿಗೆ ವಿದ್ಯಾರ್ಥಿಯಾದರು.

ಊರಿನಲ್ಲಿ ಮಾತ್ರ ಕಾಲ ಬದಲಾಗುತ್ತಿತ್ತು. ಎಲ್ಲರೂ ಹಣ್ಣು ಆರಿಸುತ್ತಿದ್ದ ಜಾಗಗಳಿಗೆ ಮಾಲೀಕರು ನಿರ್ಬಂಧ ಹಾಕತೊಡಗಿದರು. ಹಣ್ಣು ಮಾರುಕಟ್ಟೆಯ ಸರಕಾದರೆ ಮಕ್ಕಳು ಕಳೆದುಕೊಳ್ಳುವುದು ಹಣ್ಣನ್ನಷ್ಟೇ ಅಲ್ಲ, ಕಾಡಿನ ಒಡನಾಟವನ್ನೂ ಎಂದು ಥೋರೊಗೆ ಅನಿಸಿತು. ಪ್ರತಿ ಊರೂ 500ರಿಂದ 1000 ಎಕರೆ ಕಾಡನ್ನು ಎಲ್ಲರಿಗಾಗಿ ಉಳಿಸಬೇಕೆಂದು ವಾದಿಸಿದರು. ಕಾಡುಹಣ್ಣುಗಳ ಬಗ್ಗೆ ದೊಡ್ಡ ಪುಸ್ತಕ ಬರೆಯತೊಡಗಿದರು. ಅದು ಮುಗಿಯುವ ಮುನ್ನವೇ, 1862ರ ಮೇ 6ರಂದು ಕ್ಷಯರೋಗದಿಂದ ತೀರಿಕೊಂಡರು. ಆಗ ವಯಸ್ಸು 44. ಆ ಹಸ್ತಪ್ರತಿ ಅಚ್ಚಾಗಿದ್ದು 2000ದಲ್ಲಿ.

ದೇಶಕ್ಕೇ ಎಂಜಿನಿಯರ್ ಆಗಬಲ್ಲವರು ಹಣ್ಣು ಆರಿಸುವ ಗುಂಪಿನ ನಾಯಕರಾಗಿಯೇ ಉಳಿದರಲ್ಲ ಎಂದು ಗೆಳೆಯ ಎಮರ್ಸನ್ ಕೊರಗಿದರು. ಬಿಇ ಓದುತ್ತಿರುವ ನನಗೆ ಈ ಕೊರಗು ಪರಿಚಿತ. ನಮ್ಮ ಮನೆಗಳಲ್ಲೂ ಅದೇ ಮಾತು ತಾನೆ? ಆದರೆ ಯಾವ ಹೂ ಯಾವ ದಿನ ಅರಳಿತು ಎಂದು ಥೋರೊ ವರ್ಷಗಟ್ಟಲೆ ಬರೆದಿಟ್ಟಿದ್ದರು. ಬಾಸ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಇಂದಿನ ದಿನಾಂಕಗಳೊಂದಿಗೆ ಹೋಲಿಸಿದಾಗ, ಹೂಗಳು ಸರಾಸರಿ ಒಂದು ವಾರ ಮೊದಲೇ ಅರಳುತ್ತಿರುವುದು ಗೊತ್ತಾಯಿತು. ಕೆಲಸವಿಲ್ಲದವನ ಕೆಲಸವೆನಿಸಿದ್ದ ಅಲೆದಾಟ ಇಂದು ಹವಾಮಾನ ಬದಲಾವಣೆಯ ಪುರಾವೆ.

ಕೆಲಸ ಹುಡುಕುವ ದಿನಗಳು ವ್ಯರ್ಥವೆಂದು ಕೊರಗುವವರು ಥೋರೊ ಅವರನ್ನು ಒಮ್ಮೆ ನೆನೆಯಬಹುದು. ಅಂದಹಾಗೆ, ನಿಮ್ಮೂರಿನ ನೇರಳೆ ಈ ವರ್ಷ ಯಾವ ದಿನ ಹಣ್ಣಾಯಿತು, ಬರೆದಿಟ್ಟಿದ್ದೀರಾ?